ಹನೋಯಿಯಲ್ಲಿ ಆಮೆ ನಡಿಗೆ

ಈ ಶಾಟ್‌ನಲ್ಲಿ ನಾನು ಕಾಣುವುದಿಲ್ಲ. ಯಾಕಂದ್ರೆ ನಾನಿನ್ನೂ ರಸ್ತೆಯ ಈ ಕಡೆಯೇ ನಿಂತಿದ್ದೇನೆ. ಕ್ಯಾಮೆರಾ ಓಡುತ್ತಿದೆ, ಬೈಕ್‌ಗಳು ಓಡುತ್ತಿವೆ, ನಾನು ಮಾತ್ರ ಒಂದು ಹೆಜ್ಜೆ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ಬರುತ್ತಿದ್ದೇನೆ. ಆ ಕಡೆ ಕಾಣುತ್ತಿದೆಯಲ್ಲ ಕೆರೆ, ಅದನ್ನು ನೋಡೋಕೆ ಅಂತ ಬೆಳಗ್ಗೆ ಆರಕ್ಕೇ ಎದ್ದು ಬಂದವನು. ಆರೂವರೆಗೆ ಇಲ್ಲಿದ್ದೆ. ಏಳಾದರೂ ಇಲ್ಲೇ ಇದ್ದೆ.

ಬೆಂಗಳೂರಿನವನಿಗೆ ಟ್ರಾಫಿಕ್ ಹೇಳಿಕೊಡುತ್ತೀರಾ ಅಂತ ಜಂಬದಲ್ಲೇ ವಿಮಾನ ಹತ್ತಿದ್ದೆ. ನಮ್ಮಲ್ಲಿ ಕೈ ಎತ್ತಿ ಓಡುತ್ತೇವೆ, ಡಿವೈಡರ್ ಮೇಲೆ ನಿಂತು ಉಸಿರು ಬಿಡುತ್ತೇವೆ, ಮತ್ತೆ ಓಡುತ್ತೇವೆ. ಹನೋಯಿಯಲ್ಲಿ ಆ ವಿದ್ಯೆ ನಡೆಯಲ್ಲ. ಸಾಲದ್ದಕ್ಕೆ ವಿಯೆಟ್ನಾಂನಲ್ಲಿ ವಾಹನ ರಸ್ತೆಯ ಬಲಗಡೆ ಓಡುತ್ತದೆ. ನನ್ನ ಕತ್ತು ಹಳೇ ಅಭ್ಯಾಸಕ್ಕೆ ಬಲಕ್ಕೆ ತಿರುಗುತ್ತದೆ, ಬೈಕ್ ಎಡದಿಂದ ಬರುತ್ತದೆ.

ಆಗ ಬಂದರು ಈ ಅಜ್ಜಿ. ಹೆಗಲ ಮೇಲೆ ಬಿದಿರಿನ ಅಡ್ಡೆ, ಎರಡೂ ತುದಿಗೆ ಬುಟ್ಟಿ, ಬುಟ್ಟಿ ತುಂಬ ಸೀಬೆಹಣ್ಣು. ನನ್ನ ಪಕ್ಕ ನಿಂತರು. ಅಂಗೈಯನ್ನು ನೆಲದ ಕಡೆ ಮಾಡಿ ಎರಡು ಸಲ ಮೆಲ್ಲಗೆ ಒತ್ತಿದರು. ನಿಧಾನ, ನಿಧಾನ. ಆಮೇಲೆ ರಸ್ತೆಗೆ ಇಳಿದೇಬಿಟ್ಟರು. ಅವರ ಬೆನ್ನಿಗಂಟಿಕೊಂಡು ನಾನೂ ಇಳಿದೆ. ಅಜ್ಜಿ ಓಡಲಿಲ್ಲ, ನಿಲ್ಲಲಿಲ್ಲ, ಹೆಜ್ಜೆಯ ಅಳತೆ ಒಂದಿಂಚೂ ಬದಲಾಗಲಿಲ್ಲ. ಬೈಕ್‌ಗಳು ನಮ್ಮ ಹಿಂದೆ ಮುಂದೆ ಸರ್ರನೆ ಬಳಸಿಕೊಂಡು ಹೋದವು, ಹೊಳೆ ಮಧ್ಯದ ಬಂಡೆಯನ್ನು ನೀರು ಬಳಸುವ ಹಾಗೆ.

ಗುಟ್ಟು ಇಷ್ಟೇ. ಬೈಕ್‌ನವನು ದೂರದಿಂದಲೇ ನಿಮ್ಮ ವೇಗ ನೋಡಿ ಲೆಕ್ಕ ಹಾಕಿರುತ್ತಾನೆ. ನೀವು ತಟ್ಟನೆ ನಿಂತರೆ, ಓಡಿದರೆ, ಹಿಂದೆ ಸರಿದರೆ ಆ ಲೆಕ್ಕ ತಪ್ಪುತ್ತದೆ. ಬಸ್ಸು, ಕಾರಿನ ಮುಂದೆ ಮಾತ್ರ ಈ ಸಾಹಸ ಬೇಡ. ಅವಕ್ಕೆ ಬಳಸಿ ಹೋಗೋಕೆ ಜಾಗ ಎಲ್ಲಿರುತ್ತದೆ? ಆಮೆ ನಡಿಗೆ ಅಂತ ನಾವು ಬೈಯುತ್ತೇವಲ್ವಾ, ಇಲ್ಲಿ ಜೀವ ಉಳಿಸುವುದೇ ಅದು.

ದಾಟಿದ ಮೇಲೆ ಋಣ ತೀರಲಿ ಅಂತ ಮೂರು ಸೀಬೆಹಣ್ಣು ತಗೊಂಡೆ. ಜೊತೆಗೆ ಚಿಕ್ಕ ಪೊಟ್ಟಣದಲ್ಲಿ ಉಪ್ಪು ಖಾರ. ಅದನ್ನು ನೋಡಿಯೇ ಬಾಯಲ್ಲಿ ನೀರು ಬಂತು, ದುಡ್ಡಿನ ಕಡೆ ಗಮನ ತಪ್ಪಿತು. ಇಲ್ಲಿಯ ದುಡ್ಡು ಡಾಂಗ್. ನಮ್ಮ ಒಂದು ರೂಪಾಯಿಗೆ ಹೆಚ್ಚುಕಮ್ಮಿ 300 ಡಾಂಗ್. ಹಾಗಾಗಿ ಜೇಬಲ್ಲಿ ಯಾವಾಗಲೂ ಲಕ್ಷ. 20,000ದ ನೋಟು ನೀಲಿ. 5,00,000ದ ನೋಟೂ ನೀಲಿ ಛಾಯೆಯದ್ದೇ. ಎರಡರ ಮೇಲೂ ಈ ದೇಶದ ಸ್ವಾತಂತ್ರ್ಯ ನಾಯಕ ಹೋ ಚಿ ಮಿನ್ ಮುಖ. ನಾನು ಇದು ಅಂದುಕೊಂಡು ಅದನ್ನು ಕೊಟ್ಟೆ. ಅಜ್ಜಿ ನೋಟು ನೋಡಿದರು, ನನ್ನ ಮುಖ ನೋಡಿದರು. ನೋಟನ್ನು ನನ್ನ ಮೂಗಿನ ಹತ್ತಿರ ಹಿಡಿದು, ಉಗುರಿನಲ್ಲಿ ಒಂದೊಂದೇ ಸೊನ್ನೆ ಎಣಿಸಿ ತೋರಿಸಿದರು. ಐದು ಸೊನ್ನೆ. ಆಮೇಲೆ ನಕ್ಕು ವಾಪಸ್ ಕೊಟ್ಟರು. ಮೂರು ಸೀಬೆಹಣ್ಣಿಗೆ 1,500 ರೂಪಾಯಿಗೂ ಜಾಸ್ತಿ ಹೋಗುತ್ತಿತ್ತು. ಅವತ್ತು ರಾತ್ರಿಯೇ 5 ಲಕ್ಷದ ನೋಟುಗಳೆಲ್ಲ ಪಾಸ್‌ಪೋರ್ಟ್ ಕವರ್ ಸೇರಿದವು.

ಸರಿ, ಕೆರೆ. ಇದರ ಹೆಸರು ಹೊವಾನ್ ಕಿಯೆಮ್. ಅಂದ್ರೆ ಕತ್ತಿ ಹಿಂದಿರುಗಿಸಿದ ಕೆರೆ. ಲೇ ಲೋಯ್ ಅನ್ನುವವನು ದೈವ ಕೊಟ್ಟ ಕತ್ತಿ ಹಿಡಿದು ಚೀನಾದ ಮಿಂಗ್ ಸೈನ್ಯವನ್ನು ಓಡಿಸಿ, 1428ರಲ್ಲಿ ಪಟ್ಟಕ್ಕೆ ಬಂದ. ಒಂದು ದಿನ ಈ ಕೆರೆಯಲ್ಲಿ ದೋಣಿ ಮೇಲೆ ಹೋಗುವಾಗ ಬಂಗಾರದ ಆಮೆಯೊಂದು ತಲೆ ಎತ್ತಿ, ಕೆಲಸ ಮುಗಿಯಿತಲ್ಲ, ಕತ್ತಿ ಕೊಡು ಅಂತ ಕೇಳಿತಂತೆ. ಕೊಟ್ಟುಬಿಟ್ಟ. ವರ ಕೊಡುವ ದೇವರ ಕತೆ ನಮ್ಮಲ್ಲಿ ಬೇಕಾದಷ್ಟಿವೆ. ಯುದ್ಧ ಮುಗಿದ ಕೂಡಲೇ ಬಂದು ಆಯುಧ ವಾಪಸ್ ಕೇಳುವ ದೇವರು ನನಗೆ ಬಹಳ ಹಿಡಿಸಿದ.

ಸುಮ್ನೆ ಕಟ್ಟುಕತೆ ಅನ್ನಬೇಡಿ. ಈ ಕೆರೆಯಲ್ಲಿ ನಿಜಕ್ಕೂ ದೊಡ್ಡದೊಂದು ಆಮೆ ಇತ್ತು. ಊರಿನವರು ಅದನ್ನು ಹಿರಿಯರನ್ನು ಕರೆಯುವ ಹಾಗೆ ‘ಕು ರುವಾ’ ಅನ್ನುತ್ತಿದ್ದರು. ಮುತ್ತಜ್ಜ ಆಮೆ ಅಂತ ಇಟ್ಟುಕೊಳ್ಳಿ. 2016ರ ಜನವರಿಯಲ್ಲಿ ಸತ್ತುಹೋಯಿತು. ತೂಕ 169 ಕೆಜಿ. ಈ ಜಾತಿಯ ಆಮೆ ಈಗ ಜಗತ್ತಿನಲ್ಲೇ ಬೆರಳೆಣಿಕೆಯಷ್ಟೂ ಉಳಿದಿಲ್ಲ.

ಈ ಕೆಂಪು ಮರದ ಸೇತುವೆ ದಾಟಿದರೆ ನೊಕ್ ಸನ್ ದೇವಸ್ಥಾನ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆ ಮುತ್ತಜ್ಜನನ್ನು ಕೆಡದಂತೆ ಇಟ್ಟಿದ್ದಾರೆ. ಹತ್ತಿರದಿಂದ ನೋಡಿ. ಆಮೆ ಚಿಪ್ಪು ಅಂದ್ರೆ ನಮ್ಮ ತಲೆಯಲ್ಲಿರುವ ಗಟ್ಟಿ ಚೌಕಗಳಿಲ್ಲ. ಇದು ಮೆತ್ತನೆ ಚಿಪ್ಪಿನದು. ಒದ್ದೆ ಚರ್ಮ ಹರವಿಟ್ಟ ಹಾಗಿದೆ. ನನ್ನ ಪಕ್ಕದ ಹುಡುಗ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದ. ಹತ್ತು ನಿಮಿಷ ಬಿಟ್ಟು ಬಂದರೂ ಅಲ್ಲೇ ಇದ್ದ.

ಕೆರೆಯ ಉತ್ತರಕ್ಕೆ ಹಳೇ ಪೇಟೆ. 36 ಬೀದಿಗಳು ಅಂತ ಹೆಸರು, ನಿಜಕ್ಕೂ ಅದಕ್ಕಿಂತ ಜಾಸ್ತಿ ಇವೆ. ಸುಮಾರು ಬೀದಿಗಳ ಹೆಸರು ‘ಹಾಂಗ್’ ಅಂತ ಶುರುವಾಗುತ್ತದೆ. ಹಾಂಗ್ ಅಂದ್ರೆ ಸರಕು. ಹಾಂಗ್ ಬಾಕ್ ಬೆಳ್ಳಿ ಬೀದಿ, ಹಾಂಗ್ ದುವಾಂಗ್ ಸಕ್ಕರೆ ಬೀದಿ. ಬಳೇಪೇಟೆ, ಅಕ್ಕಿಪೇಟೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಂಗ್ ಥಿಯೆಕ್ ತಗಡಿನ ಬೀದಿ. ಈ ಸದ್ದು ಕೇಳಿ, ಇಲ್ಲಿ ಮ್ಯೂಸಿಕ್ ಹಾಕಿಲ್ಲ. ಇವತ್ತಿಗೂ ಫುಟ್‌ಪಾತ್ ಮೇಲೇ ಕೂತು ತಗಡು ಬಡಿಯುತ್ತಾರೆ. ಲಾನ್ ಓಂಗ್ ಬೀದಿ ತಿರುವಿನಲ್ಲೇ ಮೂಗಿಗೆ ಗೊತ್ತಾಗುತ್ತದೆ, ಎಲ್ಲ ನಾರುಬೇರಿನ ಅಂಗಡಿಗಳು.

ನಾನು ಜಾಸ್ತಿ ಹೊತ್ತು ನಿಂತದ್ದು ಹಾಂಗ್ ಮಾದಲ್ಲಿ. ಸತ್ತವರಿಗಾಗಿ ಸುಡುವ ಕಾಗದದ ವಸ್ತುಗಳು ಇಲ್ಲಿ ಸಿಗುತ್ತವೆ. ಕಾಗದದ ಅಂಗಿ, ಕಾಗದದ ನೋಟು, ಕಾಗದದ ಬೈಕು, ಕಾಗದದ ಮೊಬೈಲು. ಚಾರ್ಜರ್ ಕೂಡ ಇಟ್ಟಿದ್ದರು. ನಾವು ಎಡೆ ಇಡುವಾಗ ತೀರಿಹೋದವರಿಗೆ ಇಷ್ಟ ಅಂತ ಬೀಡಿ, ಎಲೆಯಡಿಕೆ ಇಡುವುದಿಲ್ವಾ? ಹಾಗೇ.

ಊಟದ ವಿಷಯ ಕಾಮೆಂಟ್‌ನಲ್ಲಿ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಸಸ್ಯಾಹಾರಕ್ಕೆ ಇಲ್ಲಿ ‘ಚಾಯ್’ ಅನ್ನುತ್ತಾರೆ. ಟೀಗೆ ‘ಚಾ’. ಮೊದಲ ದಿನ ಸುಸ್ತಾಗಿ ಚಾಯ್, ಚಾಯ್ ಅಂತ ಕೇಳಿದೆ. ಟೋಫು ಬಂತು. ಬರೀ ತರಕಾರಿ ಅಂತ ತಟ್ಟೆಯಲ್ಲಿ ಕಂಡರೂ ಮೀನಿನ ಸಾಸ್ ಹಾಕಿರಬಹುದು, ಆದ್ದರಿಂದ ‘ಚಾಯ್’ ಅಂತ ಬೋರ್ಡ್ ಇರುವ ಹೋಟೆಲ್ ಹುಡುಕುವುದು ಒಳ್ಳೆಯದು. ಚಾಂದ್ರಮಾನ ತಿಂಗಳ ಮೊದಲನೇ ಮತ್ತು ಹದಿನೈದನೇ ದಿನ ಇಲ್ಲಿಯವರೂ ಬಹಳ ಜನ ಚಾಯ್ ತಿನ್ನುತ್ತಾರೆ. ಅಮಾವಾಸ್ಯೆ, ಹುಣ್ಣಿಮೆ ಲೆಕ್ಕ ಎಲ್ಲಿ ಹೋದರೂ ತಪ್ಪಲ್ಲ ನೋಡಿ.

ನಾನು ಮೊಟ್ಟೆಗೆ ರಾಜಿಯಾದ ಸಸ್ಯಾಹಾರಿ. ಅದಕ್ಕೇ ಈ ಕಪ್. ಮೊಟ್ಟೆ ಕಾಫಿ. 1946ರಲ್ಲಿ ಹಾಲಿಗೆ ಬರ ಬಂದಾಗ, ಇಲ್ಲಿಯ ಮೆಟ್ರೊಪೋಲ್ ಹೋಟೆಲ್‌ನಲ್ಲಿ ಕೆಲಸಕ್ಕಿದ್ದ ನುಯೆನ್ ವಾನ್ ಜಾಂಗ್ ಹಾಲಿನ ಬದಲು ಮೊಟ್ಟೆಯ ಹಳದಿಯನ್ನು ಸಕ್ಕರೆ ಜೊತೆ ಕಡೆದು ಕಾಫಿ ಮೇಲೆ ಸುರಿದರು. ಕಪ್ಪನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಕೊಡುತ್ತಾರೆ, ಆರದಿರಲಿ ಅಂತ. ಮೇಲೆ ಕಸ್ಟರ್ಡ್, ಕೆಳಗೆ ಕಹಿ ಡಿಕಾಕ್ಷನ್. ಕುಡಿದೆನಾ ತಿಂದೆನಾ ಅಂತ ಗೊತ್ತಾಗಲಿಲ್ಲ. ಎರಡನೆಯದು ಬೇಕು ಅನ್ನಿಸಲಿಲ್ಲ, ನಿಜ ಹೇಳುತ್ತೇನೆ.

ಹೋ ಚಿ ಮಿನ್ ಸಮಾಧಿಗೆ ಸೋಮವಾರ ಹೋದೆ. ಮುಚ್ಚಿತ್ತು. ಸೋಮವಾರ, ಶುಕ್ರವಾರ ರಜಾ, ಉಳಿದ ದಿನವೂ ಬೆಳಗ್ಗೆ ಮಾತ್ರ. ನಾನು ಓದಿಕೊಂಡು ಹೋಗಬೇಕಿತ್ತು. ಮಂಗಳವಾರ ಮತ್ತೆ ಕ್ಯೂ. ಕ್ಯಾಮೆರಾ ಒಳಗೆ ಬಿಡುವುದಿಲ್ಲ, ಅದಕ್ಕೇ ಇಲ್ಲಿ ಹೊರಗಿನ ಬಾ ದಿನ್ ಚೌಕ ಮಾತ್ರ ಇದೆ. 1945ರ ಸೆಪ್ಟೆಂಬರ್ 2ರಂದು ಅವರು ಸ್ವಾತಂತ್ರ್ಯ ಘೋಷಣೆ ಓದಿದ್ದು ಇಲ್ಲೇ. ತೀರಿಕೊಂಡದ್ದೂ ಸೆಪ್ಟೆಂಬರ್ 2ರಂದೇ, 1969ರಲ್ಲಿ. ನನ್ನನ್ನು ಸುಟ್ಟುಬಿಡಿ ಅಂತ ಉಯಿಲಲ್ಲಿ ಬರೆದಿಟ್ಟಿದ್ದರು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾರೆ. ಸಾಲು ನಿಲ್ಲದೆ ಸಾಗುತ್ತಿರಬೇಕು. ಒಂದು ನಿಮಿಷವೂ ಸಿಗಲಿಲ್ಲ. ಕೆರೆಯ ಆಮೆ ನೆನಪಾಯಿತು. ಜೋರಾಗಿ ಹೇಳುವ ಮಾತಲ್ಲ ಅದು.

ಮತ್ತೆ ಆಮೆ ಸಿಕ್ಕಿದ್ದು ವಾನ್ ಮಿಯೆವ್‌ನಲ್ಲಿ, ಒಂದೆರಡಲ್ಲ, 82. ಇದು 1070ರಲ್ಲಿ ಕನ್ಫ್ಯೂಷಿಯಸ್ ಹೆಸರಲ್ಲಿ ಕಟ್ಟಿದ ಸಾಹಿತ್ಯ ದೇವಾಲಯ. 1442ರಿಂದ 1779ರವರೆಗೆ ರಾಜರ ಪರೀಕ್ಷೆಯಲ್ಲಿ ಪಾಸಾದವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿ, ಒಂದೊಂದು ಕಲ್ಲನ್ನೂ ಒಂದೊಂದು ಕಲ್ಲಾಮೆಯ ಬೆನ್ನಿಗೇರಿಸಿದ್ದಾರೆ. ಪರೀಕ್ಷೆಗೆ ಮುಂಚೆ ಬಂದು ತಲೆ ಸವರಿದರೆ ಪಾಸು ಅಂತ ಮಕ್ಕಳಲ್ಲಿ ನಂಬಿಕೆ. ಶತಮಾನಗಳ ಮಳೆಗೆ ಜಗ್ಗದ ಆಮೆ ತಲೆ ಮಕ್ಕಳ ಕೈಗೆ ಸಿಕ್ಕು ನುಣ್ಣಗಾಗಿದೆ. ಈಗ ಅಡ್ಡಕ್ಕೆ ಬೇಲಿ ಹಾಕಿದ್ದಾರೆ. ಇಲ್ಲಿಯ ಮಂಟಪ 1,00,000 ಡಾಂಗ್ ನೋಟಿನ ಹಿಂಬದಿಯಲ್ಲಿದೆ. ಹೋಲಿಸಿ ನೋಡೋಣ ಅಂತ ನೋಟು ತೆಗೆದೆ. ಮೊದಲು ಸೊನ್ನೆ ಎಣಿಸಿಕೊಂಡೆ.

ಕೊನೇ ಸಂಜೆ ಲಾಂಗ್ ಬಿಯೆನ್ ಸೇತುವೆ. ಐಫೆಲ್ ಕಟ್ಟಿಸಿದ್ದು ಅಂತ ಬಹಳ ಜನ ಹೇಳುತ್ತಾರೆ. ಝೂಮ್ ಮಾಡುತ್ತೇನೆ, ಈ ಫಲಕ ಓದಿ. 1899-1902, ದೈದೆ ಮತ್ತು ಪಿಯೆ, ಪ್ಯಾರಿಸ್. ಕಟ್ಟಿದ ಕಂಪನಿಯ ಹೆಸರು ಅದು. ಕೆಳಗೆ ಹರಿಯುತ್ತಿರುವುದು ಕೆಂಪು ನದಿ, ಬಣ್ಣ ನೋಡಿದರೆ ಹೆಸರು ಕೇಳಬೇಕಿಲ್ಲ. 1010ರಲ್ಲಿ ಲೀ ಥಾಯ್ ತೋ ಅನ್ನುವ ದೊರೆ ರಾಜಧಾನಿಯನ್ನು ಇದರ ದಡಕ್ಕೆ ತಂದ. ಹನೋಯ್ ಅನ್ನುವ ಹೆಸರು ಬಂದದ್ದು 1831ರಲ್ಲಿ, ನದಿಗಳ ಒಳಗಿನ ಊರು ಅಂತ ಅರ್ಥ. ಅಮೆರಿಕದ ಬಾಂಬು ಈ ಸೇತುವೆಯನ್ನು ಮತ್ತೆ ಮತ್ತೆ ಮುರಿಯಿತು, ಇವರು ಮತ್ತೆ ಮತ್ತೆ ಜೋಡಿಸಿದರು. ಒಂದೊಂದು ಕಡೆ ಮೇಲಿನ ಕಬ್ಬಿಣದ ಕಮಾನು ಇದೆ, ಒಂದೊಂದು ಕಡೆ ಇಲ್ಲ. ಬಾಯಲ್ಲಿ ಹಲ್ಲು ಬಿದ್ದ ಹಾಗೆ.

ತಮಾಷೆ ಏನು ಗೊತ್ತಾ? ಇಡೀ ಊರಿನಲ್ಲಿ ಬಲಗಡೆ ಓಡಾಡುವ ಬೈಕುಗಳು ಈ ಸೇತುವೆ ಮೇಲೆ ಮಾತ್ರ ಎಡಗಡೆ ಹೋಗುತ್ತವೆ. ನಮ್ಮ ಹಾಗೆ. ನಾಲ್ಕು ದಿನ ಕಷ್ಟಪಟ್ಟು ಕುತ್ತಿಗೆಗೆ ಎಡಕ್ಕೆ ತಿರುಗೋದು ಕಲಿಸಿದ್ದೆ. ಇಲ್ಲಿ ಬಂದು ಮತ್ತೆ ತಲೆಕೆಳಗು.

ಅಷ್ಟರಲ್ಲಿ ನಡುವಿನ ಹಳಿ ಮೇಲೆ ರೈಲು ಬಂತು. ಅದೂ ನಿಧಾನವಾಗಿ, ಹಳೇ ಸೇತುವೆ ನೋಡಿ. ಕಾಲಡಿಯ ಸಿಮೆಂಟ್ ಹಲಗೆಗಳು ಗಡಗಡ ಅಂದವು, ಬಿರುಕಿನಲ್ಲಿ ನದಿ ಕಾಣುತ್ತಿತ್ತು. ಈ ಶಾಟ್ ಅಲುಗಾಡಿದ್ದು ನನ್ನ ಕೈಯಿಂದ ಅಲ್ಲ. ಎಡಿಟ್ ಮಾಡುವಾಗ ಸರಿ ಮಾಡೋಣ ಅಂದುಕೊಂಡೆ. ಆಮೇಲೆ ಹಾಗೇ ಬಿಟ್ಟೆ.