ಸಾಕ್ಷಿ ಹೇಳಿಸುವ ಮೊದಲು

ಕೇಳುಗರಿಗೆ ನಮಸ್ಕಾರ.

ಅಶ್ಲೀಲ ವಿಡಿಯೊ, ದುಡ್ಡು ಕೊಟ್ಟು ನೋಡುವ ಲೈವ್ ಆ್ಯಪ್, ತಿಂಗಳ ಚಂದಾ ಕಟ್ಟಿಸಿಕೊಳ್ಳುವ ಪುಟ – ಇಂಥ ಕಡೆ ದುಡಿದ ಹೆಣ್ಣುಮಗಳೊಬ್ಬಳು ಅದನ್ನೆಲ್ಲ ಬಿಟ್ಟು ಯೇಸುಸ್ವಾಮಿಯ ಸೇವೆಗೆ ಬರುತ್ತೇನೆ ಎಂದಾಗ ಸಭೆಗೆ ಸಂತೋಷವಾಗುವುದು ಸಹಜ. ‘ಭಾನುವಾರ ಬಂದು ಸಾಕ್ಷಿ ಹೇಳಮ್ಮ’, ಅಂದರೆ ನಿನ್ನ ಬದುಕು ಬದಲಾದ ಕಥೆಯನ್ನು ಎಲ್ಲರ ಮುಂದೆ ಹೇಳು ಎಂದು ಮೈಕು ಕೊಡಲು ಹೊರಡುತ್ತಾರೆ. ಮೈಸೂರು, ಮಂಡ್ಯ ಸೀಮೆಯ ಸಭಾಪಾಲಕರಲ್ಲಿ, ಫಾದರ್‌ಗಳಲ್ಲಿ ನನ್ನ ವಿನಂತಿ ಇಷ್ಟೆ: ಆ ಮೈಕು ಇನ್ನೆರಡು ಮೂರು ವರ್ಷ ಕಾಯಲಿ. ಅದಕ್ಕೆ ಮೊದಲು ಮುಗಿಸಬೇಕಾದ ಕೆಲಸ ಬಹಳವಿದೆ.

ಮೊದಲನೆಯದು ಅಕೌಂಟಿನ ಕೆಲಸ. ಮನಸ್ಸು ತಿರುಗಿದ ರಾತ್ರಿಯೇ ಎಲ್ಲವನ್ನೂ ಅಳಿಸಿಬಿಡಬೇಕು ಅನ್ನಿಸುತ್ತದೆ. ಎಡವಟ್ಟಾಗುವುದೇ ಅಲ್ಲಿ. ಅಕೌಂಟ್ ಮುಚ್ಚಿದರೆ ಬರಬೇಕಾದ ದುಡ್ಡು, ಹಾಕಿದ ವಿಡಿಯೊಗಳ ಪಟ್ಟಿ, ಬೆದರಿಸಿದವರ ಮೆಸೇಜು ಮೂರೂ ಕೈತಪ್ಪಬಹುದು. ಆದ್ದರಿಂದ ಮೊದಲು ಬಾಕಿ ಹಣವನ್ನು ಬ್ಯಾಂಕಿಗೆ ತೆಗೆದುಕೊಳ್ಳಬೇಕು. ಆಮೇಲೆ ಗಳಿಕೆಯ ಲೆಕ್ಕ ಮತ್ತು ಕರಾರಿನ ಪ್ರತಿ ಇಳಿಸಿಕೊಳ್ಳಬೇಕು. ಆ ಆದಾಯಕ್ಕೂ ತೆರಿಗೆ ಉಂಟು, ನಾಳೆ ನೋಟಿಸ್ ಬಂದರೆ ಉತ್ತರ ಕೊಡಲು ಇದೇ ಬೇಕು. ಬೇರೆ ಸೈಟುಗಳಿಗೆ ಕದ್ದು ಹಾಕಿರುವ ವಿಡಿಯೊಗಳ ಲಿಂಕು, ಕಂಡ ದಿನಾಂಕ ಬರೆದಿಟ್ಟುಕೊಳ್ಳಬೇಕು. ಇಷ್ಟಾದ ಮೇಲೆ ಒಂದೊಂದೇ ವಿಡಿಯೊ ಅಳಿಸಿ, ಕಡೆಗೆ ಅಕೌಂಟ್ ಮುಚ್ಚುವುದು.

ಹೊರಗೆ ಹರಡಿರುವುದನ್ನು ತೆಗೆಸಲು ದಾರಿಗಳಿವೆ, ಆದರೆ ಪೂರ್ತಿ ಹೋಗುತ್ತದೆಂದು ಯಾರೂ ಮಾತು ಕೊಡಬಾರದು. ನಮ್ಮ ದೇಶದ 2021ರ ಐಟಿ ನಿಯಮದ ಪ್ರಕಾರ ನಗ್ನ ದೃಶ್ಯದ ಬಗ್ಗೆ ಆ ವ್ಯಕ್ತಿಯೋ ಅವರ ಪರವಾಗಿ ಇನ್ನೊಬ್ಬರೋ ದೂರು ಕೊಟ್ಟರೆ, ಜಾಲತಾಣದವರು 2 ಗಂಟೆಯೊಳಗೆ ತೆಗೆಯಲು ಕ್ರಮ ಕೈಗೊಳ್ಳಬೇಕು; 2026ರ ತಿದ್ದುಪಡಿಗೆ ಮೊದಲು ಈ ಗಡುವು 24 ಗಂಟೆ ಇತ್ತು. ವಿದೇಶದ ಎಷ್ಟೋ ಸೈಟುಗಳು ಇದಕ್ಕೆ ಸೊಪ್ಪು ಹಾಕುವುದಿಲ್ಲ. ತಾನೇ ತೆಗೆದ ವಿಡಿಯೊ ಆದರೆ ಹಕ್ಕುಸ್ವಾಮ್ಯದ ದೂರೂ ನಡೆಯುತ್ತದೆ. ಸ್ಟುಡಿಯೊಗೆ ನಟಿಸಿದ್ದರೆ ಅದು ಕಷ್ಟ. ಅಮೆರಿಕದ ಸ್ಟುಡಿಯೊಗಳು ಬರೆಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ ಸಾಮಾನ್ಯವಾಗಿ ಹಕ್ಕೆಲ್ಲ ನಿರ್ಮಾಪಕರಿಗೇ ಹೋಗಿರುತ್ತದೆ. ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆ ಇದೆ: ಅದು ಚಿತ್ರದ ಗುರುತಿನ ಸಂಖ್ಯೆಯೊಂದನ್ನು ನಿಮ್ಮ ಫೋನಿನಲ್ಲೇ ಮಾಡುತ್ತದೆ, ಚಿತ್ರ ಫೋನು ಬಿಟ್ಟು ಹೋಗುವುದಿಲ್ಲ. ಅದು ಒಪ್ಪಿಗೆಯಿಲ್ಲದೆ ಹರಡಿದ ಚಿತ್ರಗಳಿಗಾಗಿ ಇರುವುದು, ಸೇರಿಕೊಂಡ ಕಂಪನಿಗಳ ಮಟ್ಟಿಗೆ ಮಾತ್ರ ಕೆಲಸ ಮಾಡುತ್ತದೆ. ಯಾರಾದರೂ ಚಿತ್ರವನ್ನು ಕತ್ತರಿಸಿ ತಿದ್ದಿದರೆ ಗುರುತು ಸಿಗದೆ ಹೋಗಬಹುದು.

ಪೊಲೀಸರ ಹತ್ತಿರ ಹೋಗುವ ಮೊದಲು, ಸಭೆಯಲ್ಲಿ ಏನನ್ನಾದರೂ ಬರೆದುಕೊಡುವ ಮೊದಲು, ವಕೀಲರನ್ನು ಕಾಣಲೇಬೇಕು. ಐಟಿ ಕಾಯ್ದೆಯ 67ಎ ಕಲಮು ಇಂಥ ವಿಡಿಯೊ ಪ್ರಕಟಿಸಿದವರಿಗೆ ಮೊದಲ ಸಲಕ್ಕೆ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ; ಸ್ವಂತ ಪುಟ ನಡೆಸಿದವರ ಮೇಲೂ ಅದು ತಿರುಗಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ನಂಬರು 15100. ಬ್ಲ್ಯಾಕ್‌ಮೇಲ್ ಮಾಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಟ್ಟವರನ್ನೇ ಮತ್ತೆ ಮತ್ತೆ ಹಿಂಡುತ್ತಾರೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬಲವಂತದಿಂದ ದೂಡಲ್ಪಟ್ಟವರಿಗೆ ಮಹಿಳಾ ಸಹಾಯವಾಣಿ 181 ಇದೆ, ಮೈಸೂರಿನಲ್ಲಿ ಇಂಥವರಿಗೆ ನೆರವಾಗುವ ಒಡನಾಡಿ ಸೇವಾ ಸಂಸ್ಥೆ ಇದೆ.

ಆರೋಗ್ಯದ ಮಾತು ಚಿಕ್ಕದು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟು ಹೊರಬೀಳುವುದಿಲ್ಲ. ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಮೂರು ತಿಂಗಳ ಮೇಲೆ ಇನ್ನೊಮ್ಮೆ. ನಿದ್ದೆ ಹತ್ತದಿದ್ದರೆ, ಜೀವ ಬೇಡವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ದುಡ್ಡಿನ ವಿಷಯದಲ್ಲಿ ಸಭೆಯವರು ಬಿಗಿಯಾಗಿರಬೇಕು. ಹೊಸದಾಗಿ ಬಂದವಳು ಉಳಿತಾಯವನ್ನೆಲ್ಲ ಕಾಣಿಕೆ ಡಬ್ಬಿಗೆ ಹಾಕಲು ಮುಂದಾದರೆ ತಡೆಯಿರಿ. ಆರು ತಿಂಗಳ ಬಾಡಿಗೆ, ದಿನಸಿ, ಮಕ್ಕಳ ಫೀಸು ಅವಳ ಹೆಸರಿನಲ್ಲೇ ಇರಲಿ. ಈ ದಾರಿಯಿಂದ ಹೊರಬಂದವರು ಹಿಂದಕ್ಕೆ ಹೋಗುವುದು ನಂಬಿಕೆ ಕಮ್ಮಿಯಾಗಿ ಅಂತಲೇ ಅಲ್ಲ, ಬಾಡಿಗೆ ಕಟ್ಟುವ ದಿನ ಕೈ ಖಾಲಿಯಾಗಿ. ಟೈಲರಿಂಗ್ ಆಗಲಿ, ನರ್ಸಿಂಗ್ ಸಹಾಯಕಿಯ ಕೆಲಸವಾಗಲಿ, ಸಂಬಳ ಬರುವ ದುಡಿಮೆಯೊಂದು ನಿಲ್ಲಬೇಕು. ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯ 644ನೇ ಕಲಮು, ತೀರಿಸಲಾಗದ ಸಾಲ ಹೊತ್ತವರನ್ನು ಸನ್ಯಾಸದ ತರಬೇತಿಗೆ ಸೇರಿಸಿಕೊಳ್ಳಬಾರದು ಎನ್ನುತ್ತದೆ. ಬಹಳ ತಿಳಿವಳಿಕೆಯ ಮಾತು ಅದು.

ಇನ್ನು ಸೇವೆ. ಬೈಬಲಿನ ಒಂದನೇ ತಿಮೊಥೆ ಪತ್ರಿಕೆಯ ಮೂರನೇ ಅಧ್ಯಾಯದಲ್ಲಿ, ಹೊಸದಾಗಿ ನಂಬಿದವನನ್ನು ಸಭೆಯ ಮೇಲ್ವಿಚಾರಣೆಗೆ ಹಚ್ಚಬೇಡಿ, ಅವನು ಉಬ್ಬಿಹೋದಾನು ಎಂಬ ಎಚ್ಚರಿಕೆ ಇದೆ. ಅಪೊಸ್ತಲ ಪೌಲನೇ ದಮಸ್ಕದ ದಾರಿಯಲ್ಲಿ ಯೇಸುವಿನ ದರ್ಶನವಾಗಿ ಮನಸ್ಸು ತಿರುಗಿದ ಮೇಲೆ ಮೂರು ವರ್ಷ ಕಳೆದು ಯೆರೂಸಲೇಮಿಗೆ ಹೋದದ್ದು. ಸಿಸ್ಟರ್ ಆಗಬೇಕೆನ್ನುವವರಿಗೆ ಕನಿಷ್ಠ ಒಂದು ವರ್ಷದ ನವದೀಕ್ಷಿತರ ತರಬೇತಿ, ಆಮೇಲೆ ಮೂರು ವರ್ಷಕ್ಕೆ ಕಮ್ಮಿಯಿಲ್ಲದ ತಾತ್ಕಾಲಿಕ ವ್ರತ. ಮದುವೆ ಊರ್ಜಿತದಲ್ಲಿದ್ದರೆ ಆ ಬಾಗಿಲು ತೆರೆಯದು. ಪ್ರೊಟೆಸ್ಟೆಂಟರ ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಹೆಣ್ಣುಮಕ್ಕಳಿಗೂ ಗುರುದೀಕ್ಷೆ ಉಂಟು. ಸಭೆಯ ಸದಸ್ಯತ್ವ, ಸಭಾಪಾಲಕರ ಶಿಫಾರಸು, ಡಯಾಸಿಸಿನ (ಬಿಷಪ್ಪರ ಆಡಳಿತ ವಲಯದ) ಆಯ್ಕೆ ದಾಟಿ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಂಥ ಕಡೆ ದೇವಶಾಸ್ತ್ರದ ಪದವಿಯಾದ ಬಿ.ಡಿ. ಓದಬೇಕು. ಅಲ್ಲಿಯವರೆಗೂ ಸೇವೆ ಇಲ್ಲವೆಂದಲ್ಲ. ಆಸ್ಪತ್ರೆ ಭೇಟಿ, ಅಡುಗೆ, ಗಾಯನವೃಂದ, ಮನೆಮನೆಯ ಪ್ರಾರ್ಥನೆ ಎಲ್ಲ ಇವೆ. ಹಳೆಯದನ್ನು ಮುಖ್ಯ ಹಿರಿಯರ ಹತ್ತಿರ ಮುಚ್ಚಿಡುವುದು ಬೇಡ. ಆದರೆ ತಿಳಿದಿರಬೇಕಾದವರು ಒಬ್ಬಿಬ್ಬರು ಸಾಕು, ಅದರಲ್ಲೊಬ್ಬರು ಹೆಂಗಸಾಗಿರಲಿ.

ಆ ದಿನ ಬಂದು ಅವಳೇ ಮಾತಾಡುತ್ತೇನೆ ಎಂದರೆ, ಮೊದಲು ಸ್ತ್ರೀಯರ ಕೂಟದಲ್ಲಿ ಮಾತಾಡಲಿ. ಫೋನುಗಳನ್ನು ಹೊರಗಿಡಿಸಿ, ಯೂಟ್ಯೂಬ್ ಪ್ರಸಾರ ನಿಲ್ಲಿಸಿ. ಹಳೆಯ ಹೆಸರು, ಆ್ಯಪಿನ ಹೆಸರು ಬಾಯಿಗೆ ಬರಕೂಡದು, ಬಂದರೆ ಕೇಳಿದವರು ಮನೆಗೆ ಹೋಗಿ ಹುಡುಕುತ್ತಾರೆ. ಮಕ್ಕಳ ಹೆಸರನ್ನಂತೂ ಎತ್ತಲೇಬಾರದು. ಪರಿಚಯ ಮಾಡಿಕೊಡುವವರು ‘ನಮ್ಮ ಮಗ್ದಲದ ಮರಿಯಳು’ ಎನ್ನುವುದನ್ನೂ ಬಿಡಿ. ಆ ತಾಯಿ ವೇಶ್ಯೆಯಾಗಿದ್ದಳೆಂದು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಪೋಪ್ ಒಂದನೇ ಗ್ರೆಗೊರಿ 591ರ ಬೋಧನೆಯೊಂದರಲ್ಲಿ ಬೇರೆ ಬೇರೆ ಹೆಂಗಸರ ಕಥೆ ಕೂಡಿಸಿದ್ದರಿಂದ ಅಂಟಿದ ಮಾತು ಅದು. ಲೂಕನ ಸುವಾರ್ತೆ ಹೇಳುವಂತೆ ಅವಳು ಏಳು ದೆವ್ವಗಳ ಕಾಟದಿಂದ ಬಿಡುಗಡೆಯಾಗಿ, ತನ್ನ ಆಸ್ತಿಯಿಂದ ಯೇಸುವಿನ ಗುಂಪಿಗೆ ಊಟೋಪಚಾರ ನೋಡಿಕೊಂಡ ಹೆಂಗಸರಲ್ಲಿ ಒಬ್ಬಳು. ವೇದಿಕೆಯ ಮೇಲೆ ಬಂದವಳನ್ನು ಅವಳ ಹೆಸರಿನಿಂದಲೇ ಕರೆಯಿರಿ, ಜೊತೆಗೆ ಈಗ ಸಭೆಯಲ್ಲಿ ಯಾವ ಕೆಲಸ ನೋಡಿಕೊಳ್ಳುತ್ತಿದ್ದಾಳೆ ಎಂಬುದನ್ನು ಹೇಳಿ.