ಗುಂಡಿಯೊಳಗಿನ ನಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ವಾಂತಿಭೇದಿ ಊರಿಗೆ ಒಂದು ಸಲ ಬಂದು ಹೋದರೆ ಗ್ರಹಚಾರ ಅಂದುಕೊಳ್ಳಬಹುದು. ಅದೇ ಬೀದಿಗೆ ಮತ್ತೆ ಮತ್ತೆ ಕಾಲರಾ ಬರುತ್ತಿದ್ದರೆ? ಆಗ ಜನರನ್ನು ಬೈಯುವ ಮೊದಲು ಪೈಪನ್ನು ನೋಡಬೇಕು.

ನಮ್ಮ ಕೋಲಾರದ ಕಡೆ ಎಷ್ಟೋ ಬೀದಿಗಳಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದರೂ ಸಣ್ಣಗೆ. ಅದಕ್ಕೇ ಮನೆ ಮುಂದೆ ಗುಂಡಿ ತೋಡಿ, ನಲ್ಲಿಯನ್ನು ಅದರೊಳಗೆ ಇಳಿಸಿರುತ್ತಾರೆ. ಬಿಂದಿಗೆ ತೊಳೆದ ನೀರು, ಮಳೆ ನೀರು, ಪಕ್ಕದ ಚರಂಡಿಯಿಂದ ಜಿನುಗಿದ್ದು, ಎಲ್ಲಾ ಆ ಗುಂಡಿಗೇ. ನೀರು ನಿಲ್ಲಿಸಿದಾಗ ಪೈಪು ಖಾಲಿಯಾಗುತ್ತಾ ಆ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಯಾರಾದರೂ ಪೈಪಿಗೇ ಮೋಟರ್ ಹಾಕಿದ್ದರಂತೂ ಕೇಳುವುದೇ ಬೇಡ. ಒಡೆದ ಕಡೆಯಿಂದೆಲ್ಲ ಚರಂಡಿ ನೀರು ಒಳಕ್ಕೆ. ಮುಂದಿನ ಸಲ ನೀರು ಬಿಟ್ಟಾಗ ಅದು ಪಕ್ಕದ ಮನೆಯ ಕೊಡಕ್ಕೆ ಬೀಳುತ್ತದೆ.

ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲಿ ಕಾಲರಾದಿಂದ ಸತ್ತವರ ಮನೆಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡ. ಹೆಚ್ಚಿನವು ಒಂದೇ ಕೈಪಂಪಿನ ಸುತ್ತ ಇದ್ದವು. ನಮ್ಮಲ್ಲೂ ನೀರುಗಂಟಿ, ಆಶಾ ಕಾರ್ಯಕರ್ತೆ ಇಬ್ಬರೂ ಜೊತೆಗೆ ಬೀದಿ ಸುತ್ತಿದರೆ ಸಾಕು, ಯಾವ ವಾಲ್ವಿನ ಲೈನಿನಲ್ಲಿ ರೋಗ ಜಾಸ್ತಿ ಅಂತ ಗೊತ್ತಾಗುತ್ತದೆ.

ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೀವಿ ಅನ್ನುತ್ತಾರೆ. ಹಾಕಿರುತ್ತಾರೆ, ಸುಳ್ಳಲ್ಲ. ಆದರೆ ಬಾಯಿ ಬಿಚ್ಚಿಟ್ಟ ಚೀಲದ ಪುಡಿಯಲ್ಲಿ ಸತ್ವ ಉಳಿಯುವುದಿಲ್ಲ. ಟ್ಯಾಂಕಿನ ಹತ್ತಿರ ಪರೀಕ್ಷೆ ಮಾಡಿದರೆ ಸಾಲದು, ಲೈನಿನ ಕೊನೇ ಮನೆಯ ನೀರನ್ನೂ ನೋಡಬೇಕು. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಇರಬೇಕು. ಕಿಟ್‌ನ ಹನಿ ಬಿಟ್ಟಾಗ ನೀರು ಹಳದಿಗೆ ತಿರುಗದಿದ್ದರೆ ಕ್ಲೋರಿನ್ ಅಲ್ಲಿಗೆ ತಲುಪಿಲ್ಲ.

ನಾವು ಕಾಯಿನ್ ಹಾಕಿ ಘಟಕದಿಂದ ಫಿಲ್ಟರ್ ನೀರು ತರ್ತೀವಲ್ವಾ, ಅನ್ನಬಹುದು ನೀವು. ಒಳ್ಳೆಯದೇ, ಫ್ಲೋರೈಡ್ ಕಾಟವೂ ತಪ್ಪುತ್ತದೆ. ಆದರೆ ಆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಮಗು ಕೈ ಅದ್ದಿ ಲೋಟದಲ್ಲಿ ಮೊಗೆದರೆ ಕೆಟ್ಟಿತು. ಉದ್ದ ಹಿಡಿಯ ಸೌಟು ಇಡಿ, ಇಲ್ಲವೇ ನಲ್ಲಿ ಇರುವ ಡ್ರಮ್ ತನ್ನಿ.

ಕಾಲರಾ ಸೋಂಕು ತಗುಲಿದ ಎಷ್ಟೋ ಜನಕ್ಕೆ ಏನೂ ಆಗಿರುವುದಿಲ್ಲ, ಆದರೂ ಅವರ ಮಲದಲ್ಲಿ ರೋಗಾಣು ಹೋಗುತ್ತಿರುತ್ತದೆ. ಹಾಗಾಗಿ ಒಂದು ಮನೆಯಲ್ಲಿ ಕಾಣಿಸಿದರೆ ಸುತ್ತಲಿನ ಮನೆಗಳ ನೀರು, ಶೌಚಾಲಯ ಎರಡನ್ನೂ ಅವತ್ತೇ ನೋಡಬೇಕು. ಬಾಯಿಗೆ ಹಾಕುವ ಲಸಿಕೆಯೂ ಇದೆ. ಅದು ಪೈಪು ರಿಪೇರಿ ಮಾಡುವವರೆಗೆ ಒದಗುತ್ತದೆ, ಪೈಪಿನ ಬದಲಿಗೆ ಅಲ್ಲ.

ಅಕ್ಕಿ ತೊಳೆದ ನೀರಿನಂಥ ಭೇದಿ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ. ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಕುದಿಸಿ ಆರಿಸಿದ ಪೂರ್ತಿ ಒಂದು ಲೀಟರ್ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ. ಆಟೋದಲ್ಲೂ ಕುಡಿಸುತ್ತಿರಿ. ನಮಸ್ಕಾರ.