ತೀರ್ಪಿನ ಪ್ರತಿ ಕೈಗೆ ಬಂತಾ?

ನಮಸ್ಕಾರ. ಮನೆಯವರೊಬ್ಬರಿಗೆ ಶಿಕ್ಷೆಯಾಗಿದೆ. ತಪ್ಪು ಅವರದ್ದಲ್ಲ ಅಂತ ನಿಮಗೆ ಬಲವಾಗಿ ಅನಿಸುತ್ತಿದೆ. ಇಂಥ ಹೊತ್ತಲ್ಲಿ ಜನ ದೊಡ್ಡ ವಕೀಲರನ್ನು ಹುಡುಕಿಕೊಂಡು ಓಡುತ್ತಾರೆ. ಅದಕ್ಕೂ ಮೊದಲು ಒಂದು ಮಾತು ಕೇಳುತ್ತೇನೆ. ತೀರ್ಪಿನ ಪ್ರತಿ ಕೈಗೆ ಬಂತಾ?

ಈ ಕಾಗದಕ್ಕೆ ಒಂದು ಕಥೆಯಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ನಕಲಿ ಮುದ್ರೆ ಮಾಡಿಸಲು ಹೊರಟ ಕೇಸಿನಲ್ಲಿ ಒಬ್ಬ ಅಧ್ಯಾಪಕನಿಗೆ ಬಾಂಬೆ ಹೈಕೋರ್ಟ್ ಮೂರು ವರ್ಷ ಜೈಲು ವಿಧಿಸಿತ್ತು. ಆತ ಸುಪ್ರೀಂ ಕೋರ್ಟಿಗೆ ಹೋಗುವಾಗ ನಾಲ್ಕು ವರ್ಷ ದಾಟಿತ್ತು. ತೀರ್ಪಿನ ಪ್ರತಿಯೇ ನನ್ನ ಕೈ ಸೇರಲಿಲ್ಲ ಎಂಬುದು ಆತನ ವಾದ. 1978ರಲ್ಲಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದೇ ತೀರ್ಪಿನಲ್ಲಿ, ಜೈಲು ಶಿಕ್ಷೆಯಾದವರಿಗೆ ಪ್ರತಿ ಪುಕ್ಕಟೆಯಾಗಿ, ಬೇಗ ಸಿಗಬೇಕು ಎಂದರು. ಮೇಲ್ಮನವಿಗೆ ವಕೀಲರನ್ನಿಡುವ ಶಕ್ತಿಯಿಲ್ಲದಿದ್ದರೆ ಸರ್ಕಾರವೇ ಕೊಡಿಸಬೇಕು ಎಂದರು. ಆತ ಸೋತ, ಉಳಿದ ಕೈದಿಗಳಿಗೆ ದಾರಿಯಾಯಿತು!

ಪ್ರತಿಯಲ್ಲಿ ಏನಿರುತ್ತದೆ? ಜಡ್ಜ್ ಯಾವ ಸಾಕ್ಷಿಯನ್ನು ನಂಬಿದರು, ಯಾಕೆ ನಂಬಿದರು ಎಂಬುದು. ಮೇಲ್ಮನವಿಯ ಜಗಳವೆಲ್ಲ ಅದರ ಮೇಲೇ. "ನಮ್ಮ ಹುಡುಗ ಅಂಥವನಲ್ಲ" ಎಂದು ಹೈಕೋರ್ಟಿನಲ್ಲಿ ಅತ್ತರೆ ನಡೆಯದು. ಪಾಟೀಸವಾಲಿನಲ್ಲಿ, ಅಂದರೆ ಎದುರು ವಕೀಲರ ಪ್ರಶ್ನೆಗಳಿಗೆ, ಸಾಕ್ಷಿ ತಡವರಿಸಿದ್ದು, ಪೊಲೀಸರು ಸ್ಥಳದಲ್ಲಿ ಸಾಕ್ಷಿಗಳ ಮುಂದೆ ಬರೆದ ಪಂಚನಾಮೆಗೆ ಸಹಿ ಹಾಕಿದವರು "ನಾನು ಅಲ್ಲಿರಲೇ ಇಲ್ಲ" ಎಂದದ್ದು, ಇಂಥವು ಬೇಕು.

ಮೇಲ್ಮನವಿ ಹಾಕಲು ದಿನದ ಲೆಕ್ಕವೂ ಇದೆ. ಸೆಷನ್ಸ್ ಕೋರ್ಟ್ ಕೊಟ್ಟ ಜೈಲು ಶಿಕ್ಷೆಯಾದರೆ ಹೈಕೋರ್ಟಿಗೆ 60 ದಿನ. ಮ್ಯಾಜಿಸ್ಟ್ರೇಟ್ ಕೊಟ್ಟದ್ದಾದರೆ ಸೆಷನ್ಸ್‌ಗೆ 30 ದಿನ. ಮೀರಿದ್ದರೆ ತಡವಾದದ್ದಕ್ಕೆ ಸರಿಯಾದ ಕಾರಣ ಕೊಟ್ಟು, ಮನ್ನಿಸಿ ಎಂದು ಅರ್ಜಿ ಹಾಕಬಹುದು.

ದುಡ್ಡಿಲ್ಲ ಅಂತ ಸುಮ್ಮನೆ ಕೂರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಜೈಲಿನಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯದ ಮಿತಿಯಿಲ್ಲ. ಕೈದಿ ತನ್ನ ಮೇಲ್ಮನವಿಯನ್ನು ಜೈಲು ಸೂಪರಿಂಟೆಂಡೆಂಟರ ಕೈಗೇ ಕೊಡಬಹುದು, ಅವರು ಕೋರ್ಟಿಗೆ ಕಳಿಸಬೇಕು. ಹೀಗೆ ಉಚಿತವಾಗಿ ಸಿಗುವ ವಕೀಲರು ಸುಮ್ನೆ ಹೆಸರಿಗೆ ಅನ್ನುವ ಮಾತಿದೆ, ಅಲ್ವಾ? ಕೆಲವೊಮ್ಮೆ ನಿಜವೂ ಹೌದು. ಆಗ ಬೇರೆಯವರನ್ನು ಕೊಡಿ ಎಂದು, ವಕೀಲರನ್ನು ಕೊಡಿಸುವ ಕಾನೂನು ಸೇವಾ ಪ್ರಾಧಿಕಾರವನ್ನೇ ಕೇಳಿ.

ಜಿಲ್ಲಾ ಕೋರ್ಟಿನ ಆವರಣದಲ್ಲಿ ಪ್ರಾಧಿಕಾರದ ಕಚೇರಿ ವಿಚಾರಿಸಿ. ಸಹಾಯವಾಣಿ 15100. ಫೋನ್ ಮಾಡುವ ಮೊದಲು ಕೇಸ್ ನಂಬರು, ತೀರ್ಪಿನ ದಿನಾಂಕ ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.